ಕಪ್ಪಾದ ಆಲ್ಬಮ್ಮು, ಹೊಳೆಯುವ ಮಾನಿಟರ್ರು

ಮದುವೆ ಆಲ್ಬಮ್ ಕಪ್ಪಗೆ ಬಂದರೆ ಮೊದಲು ಬೈಸಿಕೊಳ್ಳೋದು ಪ್ರಿಂಟ್ ಹಾಕಿದ ಲ್ಯಾಬು. “ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಇತ್ತು, ಇವ್ರು ಹಾಳು ಮಾಡಿದ್ರು!” ಎಷ್ಟೋ ಸಲ ಲ್ಯಾಬಿನ ತಪ್ಪೇನೂ ಇರೋದಿಲ್ಲ. ಫೋಟೋ ಮೊದಲೇ ಅಷ್ಟು ಕಪ್ಪಗಿತ್ತು, ತಿದ್ದಿದವರಿಗೆ ಕಾಣಲಿಲ್ಲ ಅಷ್ಟೆ.

ಅಂಗಡಿಯ ಬೆಳಕಿನಲ್ಲಿ ಪಕ್ಕದ ಮಾನಿಟರ್‌ಗಿಂತ ಹೊಳೀಲಿ ಅಂತ ಕಂಪನಿಗಳು ಬ್ರೈಟ್‌ನೆಸ್ಸನ್ನು ಏರಿಸಿಯೇ ಕಳಿಸುತ್ತವೆ. ನಿಟ್ ಲೆಕ್ಕದಲ್ಲಿ 250, 300 ಇರೋದು ಮಾಮೂಲು. ಮಂದ ಬೆಳಕಿನ ಕೋಣೆಯಲ್ಲಿ ಫೋಟೋ ತಿದ್ದೋಕೆ 100ರಿಂದ 120 ಸಾಕು. ಹೊಳೆಯುವ ಪರದೆಯಲ್ಲಿ ಮದುಮಗಳ ಮುಖ ತೀರಾ ಬೆಳ್ಳಗೆ ಕಂಡರೆ ಕೈ ತಾನಾಗೇ ಎಕ್ಸ್‌ಪೋಷರ್ ಇಳಿಸುತ್ತೆ. ಕಾಗದಕ್ಕೆ ಸ್ವಂತ ಬೆಳಕಿಲ್ಲವಲ್ಲ, ಇಳಿಸಿದ್ದು ಹಾಗೇ ಅಚ್ಚಾಗುತ್ತೆ.

ಅಂದರೆ ಮಾನಿಟರ್ ಹೇಳಿದ ಸುಳ್ಳು ಫೋಟೋದಲ್ಲಿ ತಿರುವುಮುರುವಾಗಿ ಬರುತ್ತದೆ. ಬಣ್ಣದ ತಾಪ 9300 ಕೆಲ್ವಿನ್‌ಗೆ ಇಟ್ಟರೆ ಪರದೆ ನೀಲಿಗೆ ವಾಲುತ್ತೆ, ನಾವು ಹಳದಿ ಸೇರಿಸ್ತೀವಿ, ಆಮೇಲೆ ಆರತಕ್ಷತೆಗೆ ಬಂದವರಿಗೆಲ್ಲ ಅರಿಶಿನ ಶಾಸ್ತ್ರ! ನೈಟ್ ಲೈಟ್ ಹಾಕ್ಕೊಂಡು ತಿದ್ದಿದರೆ ಇದರ ಉಲ್ಟಾ. ಈ ಲೆಕ್ಕದಲ್ಲಿ ಮಲೆನಾಡಿನ ಗದ್ದೆಗೆಲ್ಲ ಗಿಳಿಹಸಿರು ಬಳಿಯುವವರು ‘ವಿವಿಡ್’ ಮೋಡ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ವಿವಿಡ್‌ನಲ್ಲಿ ತಿದ್ದಿದ್ದು ಬೇರೆ ಕಡೆ ಸಪ್ಪೆಯಾಗಿ ಕಾಣಬೇಕಿತ್ತು. ಅದು ಅಭಿರುಚಿಯ ಸಮಸ್ಯೆ, ಮಾನಿಟರ್‌ನಲ್ಲಿ ಅದಕ್ಕೆ ಬಟನ್ ಕೊಟ್ಟಿಲ್ಲ.

ಸೆಟ್ಟಿಂಗ್ ಏನೂ ಕಷ್ಟದ್ದಲ್ಲ. ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದೇ ಇರಲಿ. ಇಲ್ಲದಿದ್ದರೆ 6500 ಕೆಲ್ವಿನ್, ಗಾಮಾ 2.2. ಡೈನಾಮಿಕ್ ಕಾಂಟ್ರಾಸ್ಟ್ ಆಫ್. ಆದರೆ ಕೆಲವು ಮಾನಿಟರ್‌ಗಳು ಎಸ್‌ಆರ್‌ಜಿಬಿ ಮೋಡ್‌ಗೆ ಹೋದ ಕೂಡಲೇ ಬ್ರೈಟ್‌ನೆಸ್ ಬದಲಿಸೋಕೇ ಬಿಡೋದಿಲ್ಲ. ಬಣ್ಣ ಸರಿ ಬೇಕಾ, ಬೆಳಕು ಸರಿ ಬೇಕಾ, ಒಂದನ್ನ ಆರಿಸ್ಕೊಳ್ಳಿ ಅನ್ನೋ ಧಾಟಿ. ಡಬ್ಬದ ಮೇಲೆ ‘ನೂರು ಕೋಟಿ ಬಣ್ಣ’ ಅಂತ ಅಚ್ಚು ಹಾಕುವವರು ಇದನ್ನ ಎಲ್ಲೂ ಹಾಕೋದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ಮೆನು ತೆರೆದು ನೋಡಿ.

ಕ್ಯಾಲಿಬ್ರೇಟರ್ ಕೊಳ್ಳುವ ದುಡ್ಡಿದ್ದರೆ ಒಳ್ಳೇದು. ಇಲ್ಲವಾದರೆ ಒಂದು ಫೋಟೋವನ್ನು ಲ್ಯಾಬಿಗೆ ಕೊಟ್ಟು, ‘ಕರೆಕ್ಷನ್ ಬೇಡ’ ಅಂತ ಹೇಳಿ ಪ್ರಿಂಟ್ ಹಾಕಿಸಿ. ಹಗಲು ಬೆಳಕಿನಲ್ಲಿ ಆ ಪ್ರಿಂಟನ್ನು ಪರದೆಯ ಪಕ್ಕ ಹಿಡಿದು, ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸ್ತಾ ಬನ್ನಿ. ಮೊದಲ ಒಂದೆರಡು ದಿನ ಪರದೆ ಮಂಕಾಯ್ತು ಅನ್ನಿಸುತ್ತೆ. ಆಗ ಮತ್ತೆ ಏರಿಸೋಕೆ ಹೋಗಬೇಡಿ.