ಅಹವಾಲು ಸಭೆಯ ನಿಯಮಗಳು: ಮಾತಿಗೆ ಅವಕಾಶವಿದೆ, ಉತ್ತರಕ್ಕೆ?

ನಿಮ್ಮ ತಾಲ್ಲೂಕಿಗೆ ಒಂದು ಸಿಮೆಂಟ್ ಕಾರ್ಖಾನೆಯೋ ದೊಡ್ಡ ಗಣಿಯೋ ಬರಲಿದೆ ಎಂದಿಟ್ಟುಕೊಳ್ಳಿ. ಅದರಿಂದ ಗಾಳಿ, ನೀರು, ಬೆಳೆಗಳ ಮೇಲೆ ಏನು ಪರಿಣಾಮವಾಗಬಹುದೆಂದು ಕೇಳುವ ಹಕ್ಕು ನಿಮಗಿದೆ. ಪರಿಸರ ಪರಿಣಾಮ ಅಂದಾಜಿನ ಮೊದಲ ಅಧಿಸೂಚನೆ ಹೊರಬಿದ್ದುದು 1994ರಲ್ಲಿ. ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದುದು 1997ರ ತಿದ್ದುಪಡಿಯಿಂದ. ಇಂದಿನ ಸಭೆಗಳಿಗೆ ಆಧಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಸಭೆ ನಡೆಸುವ ಕ್ರಮವನ್ನು ಅದರ ನಾಲ್ಕನೆಯ ಅನುಬಂಧ ವಿವರಿಸುತ್ತದೆ. ಕೆಲವೇ ಪುಟಗಳ ಈ ಅನುಬಂಧವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿಯಮಗಳ ಒಳ್ಳೆಯ ಅಂಶಗಳು

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಸಭೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲೇ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯು ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ನೀಡಿ, ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಕಲಾಪದ ವಿಡಿಯೋ ಚಿತ್ರೀಕರಣವಾಗಬೇಕು. ಹಾಜರಿದ್ದ ಪ್ರತಿಯೊಬ್ಬರಿಗೂ ಮಾಹಿತಿ, ಸ್ಪಷ್ಟೀಕರಣ ಕೇಳುವ ಅವಕಾಶವಿರಬೇಕು. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸಭೆಗೆ ಓದಿಹೇಳಿ, ಸ್ಥಳೀಯ ಭಾಷೆಯಲ್ಲಿ ವಿವರಿಸಿ, ಅದೇ ದಿನ ಸಹಿ ಮಾಡಬೇಕು. ದೂರದಲ್ಲಿರುವ ಆಸಕ್ತರು ಅಭಿಪ್ರಾಯವನ್ನು ಬರೆದು ಕಳುಹಿಸಬಹುದು.

ಹತ್ತು ಸಾವಿರ ಜನ ಸೇರಿದರೂ ಹತ್ತೇ ಜನ ಬಂದರೂ ಸಭೆ ನಡೆಯುತ್ತದೆ; ಕೋರಂ ಎಂಬುದಿಲ್ಲ. ಮತ ಎಣಿಕೆಯೂ ಇಲ್ಲ. ಇದು ಸರಿಯಾದುದೇ. ಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಕೈಯೆತ್ತಿಸಿ ನಿರ್ಧರಿಸಲಾಗದು.

ಕೊರತೆ ಎಲ್ಲಿದೆ?

ಮೊದಲ ಕೊರತೆ ಭಾಷೆಯದು. ವರದಿಯ ಸಾರಾಂಶ ಮಾತ್ರ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ನಿಯಮ ಹೇಳುತ್ತದೆ. ನೂರಾರು ಪುಟಗಳ ಪೂರ್ಣ ಕರಡು ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಗೊತ್ತುಪಡಿಸಿದ ಕಚೇರಿಗೆ ಹೋಗಿ, ಕೆಲಸದ ವೇಳೆಯಲ್ಲಿ ಓದಬೇಕು. ಆದರೆ ಪ್ರಶ್ನೆ ಹುಟ್ಟುವುದು ಸಾರಾಂಶದಿಂದಲ್ಲ, ಕೋಷ್ಟಕಗಳಿಂದ. ಮಾಪನ ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಎಷ್ಟು ಬಾರಿ ನಡೆಯಿತು ಎಂಬ ವಿವರ ಇರುವುದು ಅಲ್ಲಿಯೇ. ಈ ಅಧಿಸೂಚನೆಯನ್ನೇ ಬದಲಿಸಲು 2020ರ ಮಾರ್ಚಿಯಲ್ಲಿ ಸಿದ್ಧವಾದ ಕರಡಿಗೂ ಇದೇ ಸಮಸ್ಯೆ ಎದುರಾಯಿತು. ಅದನ್ನು ಭಾರತದ ಇತರ ಭಾಷೆಗಳಿಗೂ ಅನುವಾದಿಸಿ ಪ್ರಕಟಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2020ರ ಜೂನ್ 30ರಂದು ಆದೇಶಿಸಬೇಕಾಯಿತು. ಆ ಕರಡು 30 ದಿನಗಳ ಕಾಲಾವಕಾಶವನ್ನು 20ಕ್ಕೆ ಇಳಿಸಲು ಹೊರಟಿತ್ತು ಎಂಬುದನ್ನೂ ನೆನಪಿಡಬೇಕು.

ಎರಡನೆಯ ಕೊರತೆ ದತ್ತಾಂಶದ್ದು. ಬಹುತೇಕ ಯೋಜನೆಗಳಲ್ಲಿ ಈಗಿನ ಪರಿಸರ ಸ್ಥಿತಿಯ ಮಾಪನವನ್ನು ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಮಾಡುತ್ತಾರೆ. ವಾರಕ್ಕೆರಡರಂತೆ ಮೂರು ತಿಂಗಳು ಗಾಳಿಯ ದೂಳನ್ನು ಅಳೆದರೆ ಸುಮಾರು 24 ಅಳತೆಗಳಾದವು. ಪಿಎಂ10 ದೂಳಿನ ಸರಾಸರಿ ಘನಮೀಟರಿಗೆ 55 ಮೈಕ್ರೋಗ್ರಾಂ ಬಂದಿತೆನ್ನೋಣ. 2009ರ ರಾಷ್ಟ್ರೀಯ ಮಾನಕದ ಪ್ರಕಾರ ವಾರ್ಷಿಕ ಮಿತಿ 60. ‘ಮಿತಿಯೊಳಗಿದೆ’ ಎಂದು ಬರೆದು ಮುಗಿಸಬಹುದೇ?

ಒಂದು ಸಣ್ಣ ಲೆಕ್ಕ ಮಾಡೋಣ. ಅಳತೆಗಳ ಮಾನಕ ವಿಚಲನೆ 20 ಆಗಿದ್ದರೆ ಸರಾಸರಿಯ ಮಾನಕ ದೋಷವು 20ನ್ನು 24ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 4. ಶೇಕಡ 95ರ ವಿಶ್ವಾಸದಲ್ಲಿ ನಿಜವಾದ ಸರಾಸರಿ 47ರಿಂದ 63ರವರೆಗೆ ಎಲ್ಲಿ ಬೇಕಾದರೂ ಇರಬಹುದು. 60ರ ಗೆರೆ ಈ ವ್ಯಾಪ್ತಿಯ ಒಳಗೇ ಬಿದ್ದಿದೆ. ಅಲ್ಲದೆ, ಅದೇ ಮಾನಕದಂತೆ ವಾರ್ಷಿಕ ಸರಾಸರಿಗೆ ವರ್ಷದಲ್ಲಿ ಕನಿಷ್ಠ 104 ಅಳತೆಗಳು ಬೇಕು. ಒಂದು ಋತುವಿನ ಸರಾಸರಿಯನ್ನು ವರ್ಷದ ಮಿತಿಯೊಂದಿಗೆ ಹೋಲಿಸುವುದೇ ತಪ್ಪು. ಬೇಸಿಗೆಯಲ್ಲಿ ಎಷ್ಟು ಸಾರಿ ಅಳೆದರೂ ಚಳಿಗಾಲದ ಮುಂಜಾನೆ ನೆಲದ ಬಳಿ ನಿಲ್ಲುವ ದೂಳು ಅದರಲ್ಲಿ ಕಾಣಿಸಿಕೊಳ್ಳದು. ಮಲೆನಾಡಿನ ಹಳ್ಳಗಳ ಸ್ವಭಾವವನ್ನು ಮಳೆಗಾಲ ಬಿಟ್ಟು ತಿಳಿಯುವುದು ಹೇಗೆ?

ಶಬ್ದದ ವಿಷಯ ಇನ್ನೂ ಸ್ವಾರಸ್ಯಕರ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಒಂದು ಹಳ್ಳಿಯ ರಾತ್ರಿ 38 ಡೆಸಿಬೆಲ್ ಇದ್ದುದು ಯೋಜನೆಯ ನಂತರ 45ಕ್ಕೆ ಏರಿದರೆ ಅದು ‘ಮಿತಿಯೊಳಗೇ’ ಇದೆ. ಆದರೆ ಡೆಸಿಬೆಲ್ ಲಾಗರಿದಮ್ ಮಾಪಕ. 7 ಡೆಸಿಬೆಲ್ ಏರಿಕೆ ಎಂದರೆ ಶಬ್ದದ ತೀವ್ರತೆ ಐದು ಪಟ್ಟು. ಮಿತಿಯನ್ನು ಮಾತ್ರ ನೋಡಿದರೆ ಬದಲಾವಣೆ ಕಾಣುವುದಿಲ್ಲ. ಹಳ್ಳಿಯವರು ಕೇಳುತ್ತಿರುವುದು ಬದಲಾವಣೆಯ ಬಗ್ಗೆಯೇ. ಇಂಥ ಪ್ರಶ್ನೆ ಬಂದಾಗ ಮೂಲ ಅಳತೆಗಳನ್ನೂ ದೋಷದ ಅಂದಾಜನ್ನೂ ಮುಂದಿಡಬೇಕೆಂದು ನಾಲ್ಕನೆಯ ಅನುಬಂಧ ಎಲ್ಲಿಯೂ ಹೇಳುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದುದು, ಉತ್ತರದ ಕೊರತೆ. ಸಭೆಯ ನಂತರ ಯೋಜನೆಯ ಅರ್ಜಿದಾರರು ಅಲ್ಲಿ ವ್ಯಕ್ತವಾದ ‘ಮಹತ್ವದ’ ಪರಿಸರ ಆತಂಕಗಳಿಗೆ ಪರಿಹಾರ ಸೂಚಿಸಿ, ವರದಿಯನ್ನು ತಿದ್ದಿ, ಅಂತಿಮ ವರದಿಯನ್ನು ಸಲ್ಲಿಸಬೇಕು. ಯಾವುದು ಮಹತ್ವದ್ದು ಎಂದು ಮೊದಲು ತೀರ್ಮಾನಿಸುವವರು ಅರ್ಜಿದಾರರೇ. ವರದಿ ಸಿದ್ಧಪಡಿಸುವ ಸಲಹಾ ಸಂಸ್ಥೆಗೆ ಶುಲ್ಕ ಕೊಡುವವರೂ ಅವರೇ. ತಜ್ಞರ ಸಮಿತಿ ಅಂತಿಮ ವರದಿಯನ್ನು ಪರಿಶೀಲಿಸುತ್ತದೆ, ನಿಜ. ಆದರೆ ಪ್ರಶ್ನೆ ಕೇಳಿದ ರೈತನ ಮುಂದೆ ಆ ಉತ್ತರ ಮತ್ತೊಮ್ಮೆ ಪರೀಕ್ಷೆಗೆ ನಿಲ್ಲುವುದಿಲ್ಲ. ಉತ್ತರವನ್ನು ಮರುಪ್ರಶ್ನಿಸಲು ಸಾಧ್ಯವಿಲ್ಲದ ವ್ಯವಸ್ಥೆಯನ್ನು ವಿಜ್ಞಾನದಲ್ಲಿ ನಾವು ಚರ್ಚೆ ಎನ್ನುವುದಿಲ್ಲ.

ಬೇರೆ ರೀತಿ ಸಾಧ್ಯವೇ?

ಸಾಧ್ಯ. ಬಿಟಿ ಬದನೆಯ ವಾಣಿಜ್ಯ ಬೇಸಾಯದ ಬಗ್ಗೆ 2010ರ ಜನವರಿ–ಫೆಬ್ರುವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೋಲ್ಕತ್ತದಲ್ಲಿ ಆರಂಭವಾದ ಸರಣಿ ಬೆಂಗಳೂರಿನಲ್ಲಿ ಮುಗಿಯಿತು. ಇದು 2006ರ ಅಧಿಸೂಚನೆಯಡಿ ನಡೆದುದಲ್ಲ. ಈ ಸಭೆಗಳಲ್ಲಿ ಗದ್ದಲ ಸಾಕಷ್ಟಿತ್ತು. ಆದರೂ ಫೆಬ್ರುವರಿ 9ರಂದು ತಡೆಯಾಜ್ಞೆ ಪ್ರಕಟವಾದಾಗ ಅದರ ಜೊತೆಗೆ ಕಾರಣಗಳೂ, ವಿಜ್ಞಾನಿಗಳು ಮತ್ತು ರಾಜ್ಯ ಸರ್ಕಾರಗಳು ಬರೆದ ಪತ್ರಗಳೂ ಹೊರಬಂದವು. ನಿರ್ಧಾರವನ್ನು ಒಪ್ಪದ ವಿಜ್ಞಾನಿಗಳು ಅನೇಕರಿದ್ದರು. ಯಾವ ವಾದವನ್ನು ಏಕೆ ಒಪ್ಪುವುದಿಲ್ಲ ಎಂದು ಹೇಳಲು ಅವರಿಗೂ ಒಂದು ಪಠ್ಯ ಸಿಕ್ಕಿತು. ನಿರ್ಧಾರ ಸರಿಯೋ ತಪ್ಪೋ, ಕಾರಣಗಳನ್ನು ಬಹಿರಂಗಪಡಿಸುವ ಈ ಕ್ರಮ ಅನುಕರಣೀಯ.

ಸಭಿಕರ ಪಾಲು

ದೋಷವೆಲ್ಲ ನಿಯಮದ್ದೇ ಅಲ್ಲ. ಸಭೆಯಲ್ಲಿ ಘೋಷಣೆ ಕೂಗಿ ಹೊರಬಂದರೆ ನಡಾವಳಿಯಲ್ಲಿ ಉಳಿಯುವುದು ‘ಕೆಲವರು ವಿರೋಧ ವ್ಯಕ್ತಪಡಿಸಿದರು’ ಎಂಬ ಒಂದು ಸಾಲು. ‘ಉದ್ಯೋಗ ಬೇಕು’ ಎಂದು ಕೂಗುವವರ ಗತಿಯೂ ಅಷ್ಟೇ. ಅದರ ಬದಲು ‘ಇಂಥ ಪುಟದ ಕೋಷ್ಟಕದಲ್ಲಿ ನಮ್ಮೂರ ಕೆರೆಯ ಮಾದರಿ ಏಕಿಲ್ಲ?’ ಎಂದು ಬರೆದುಕೊಟ್ಟರೆ ಅದನ್ನು ಒಂದು ಸಾಲಿಗೆ ಇಳಿಸುವುದು ಕಷ್ಟ. ರೈತನ ಅನುಭವವೂ ದತ್ತಾಂಶವೇ. ‘ಹಳ್ಳ ಬತ್ತುತ್ತಿದೆ’ ಎನ್ನುವುದಕ್ಕಿಂತ ‘ಹಿಂದೆ ಯುಗಾದಿಯವರೆಗೆ ಹರಿಯುತ್ತಿದ್ದ ಹಳ್ಳ ಈಗ ಸಂಕ್ರಾಂತಿಗೇ ನಿಲ್ಲುತ್ತದೆ’ ಎನ್ನುವುದಕ್ಕೆ ತೂಕ ಹೆಚ್ಚು, ಅದನ್ನು ಪರೀಕ್ಷಿಸಬಹುದು.

ಆಗಬೇಕಾದುದೇನು?

ನಿಯಮಗಳಿಗೆ ನಾಲ್ಕು ಅಂಶಗಳು ಸೇರಬೇಕು. ಒಂದು, ಮಾಪನದ ಅಧ್ಯಾಯಗಳಾದರೂ ಪೂರ್ಣವಾಗಿ ರಾಜ್ಯಭಾಷೆಯಲ್ಲಿರಬೇಕು. ಎರಡು, ಪ್ರತಿ ಅಳತೆಯ ಸ್ಥಳ, ದಿನಾಂಕ, ಉಪಕರಣ ಮತ್ತು ದೋಷದ ಅಂದಾಜು ಲಭ್ಯವಿರಬೇಕು. ಮೂರು, ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯಡಿ ಉತ್ತರ ಬರೆಯಬೇಕು. ಉತ್ತರ ಇಲ್ಲದಿದ್ದರೆ ‘ಮಾಹಿತಿ ಇಲ್ಲ’ ಎಂದೇ ದಾಖಲಿಸಬೇಕು. ನಾಲ್ಕು, ಅಂತಿಮ ವರದಿ ತಜ್ಞರ ಸಮಿತಿಗೆ ಹೋಗುವ ಮೊದಲು ಅದೇ ಊರಿಗೆ ಮರಳಿ, ಜನರ ಪ್ರತಿಕ್ರಿಯೆ ಪಡೆಯಬೇಕು. ಇದರಿಂದ ಒಂದೆರಡು ತಿಂಗಳು ತಡವಾದೀತು. ದಶಕಗಳ ಕಾಲ ನಿಲ್ಲುವ ಸ್ಥಾವರಕ್ಕೆ ಅದು ದೊಡ್ಡ ಬೆಲೆಯಲ್ಲ.

ನಿಯಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಶಿಕ್ಷಕರು ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಿಂದ ಒಂದು ಕನ್ನಡ ಸಾರಾಂಶವನ್ನು ತರಗತಿಗೆ ತರಬಹುದು. ಎಷ್ಟು ಅಳತೆಗಳು, ಯಾವ ತಿಂಗಳು, ಸರಾಸರಿಯೋ ಗರಿಷ್ಠವೋ, ಯಾವ ಮಿತಿಗೆ ಹೋಲಿಕೆ ಎಂಬ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಅದಕ್ಕೆ ಹಾಕಲಿ. ಉತ್ತರ ಸಿಗದ ಪ್ರಶ್ನೆಗಳನ್ನು ಪಟ್ಟಿ ಮಾಡಲಿ. 30 ದಿನಗಳೊಳಗೆ ಆ ಪಟ್ಟಿ ಊರಿನವರ ಕೈಸೇರಿದರೆ, ಸಭೆಯ ದಿನ ಅವರು ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.