ಶ್ರುತಿ ತಿಂದ ಲ್ಯಾಪ್‌ಟಾಪ್

ಕಳೆದ ಬೇಸಿಗೆಯಲ್ಲಿ ಬಾದನಹಟ್ಟಿಯಿಂದ ನನ್ನ ತಮ್ಮ ಒಂದು ಆಡಿಯೋ ಫೈಲ್ ಕಳಿಸಿದ. ಊರಲ್ಲಿ ದೊಡ್ಡಾಟದ ತಾಲೀಮು ನಡೆದಿತ್ತು. ಅದನ್ನ ನೇರವಾಗಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದ್ದ. "ಅಣ್ಣ, ಯಾಕೋ ಸರಿ ಬಂದಿಲ್ಲ. ಹೊಸ ಮೈಕ್ ತಗಂಬೇಕಾ, ಕೇಳಿ ಹೇಳು" ಅಂದ.

ನಾಟಕಕ್ಕೆ, ಸಿನಿಮಾಕ್ಕೆ, ಪುಸ್ತಕಕ್ಕೆ ವಿಮರ್ಶೆ ಬರೀತಾರೆ. ಇಂಥ ರೆಕಾರ್ಡಿಂಗಿಗೆ ಯಾರೂ ಬರೆಯೋದಿಲ್ಲ. ಆದರೆ ಈಗ ನಮ್ಮೂರುಗಳ ಹಾಡು, ಆಟ, ಕತೆ ಉಳಿಯೋದು ಇಂಥ ಫೈಲುಗಳಲ್ಲೇ. ಅದಕ್ಕೇ ಇದು.

ಹೆಡ್‌ಫೋನ್ ಹಾಕಿಕೊಂಡು 40 ನಿಮಿಷ ಪೂರ್ತಿ ಕೇಳಿದೆ. ಮಾಸ್ತರು ಹಾಡೋಕೆ ಶುರು ಮಾಡಿದಾಗ ಹಾರ್ಮೋನಿಯಂ ಇದೆ. ಅವರು ಉಸಿರು ತಗೊಳ್ಳೋಕೆ ನಿಲ್ಲಿಸಿದರೆ ಎರಡು ಸೆಕೆಂಡಿಗೆ ಹಾರ್ಮೋನಿಯಂ ಮಾಯ! ಮತ್ತೆ ಹಾಡಿದರೆ ಮತ್ತೆ ಹಾಜರು. ಮದ್ದಳೆಗೆ ಜೋರಾಗಿ ಪೆಟ್ಟು ಬಿದ್ದಾಗಲೆಲ್ಲ ಮಾಸ್ತರ ದನಿ ಕುಗ್ಗುತ್ತದೆ, ಆಮೇಲೆ ನಿಧಾನಕ್ಕೆ ಮೇಲೆದ್ದು ಬರುತ್ತದೆ. ಸ, ಶ ಅಕ್ಷರಗಳು ನೀರೊಳಗೆ ಮಾತಾಡಿದ ಹಾಗೆ. ರಾಕ್ಷಸ ಪಾತ್ರದವನು ಗುಡುಗಿದಲ್ಲಿ ಸದ್ದು ಸೀಳಿಹೋಗಿದೆ.

ತಮ್ಮ ಮೈಕನ್ನ ಬೈದ. ಮೈಕಿನ ತಪ್ಪು ಇದರಲ್ಲಿ ಕಾಲುಭಾಗವೂ ಇಲ್ಲ. ಅವನು ಬ್ರೌಸರಿನಲ್ಲಿ ಓಡುವ ಒಂದು ರೆಕಾರ್ಡರ್ ಬಳಸಿದ್ದ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಆದ್ದರಿಂದ ಒಳಗೇನು ನಡೆಯುತ್ತೆ ಅಂತ ಗೊತ್ತು. ಬ್ರೌಸರ್ ಮೈಕ್ ತೆರೆದಾಗ ಸಾಮಾನ್ಯವಾಗಿ ಮೂರು ಕೆಲಸ ಕೇಳದೇ ಶುರುವಾಗಿರುತ್ತವೆ: ಎಕೋ ತೆಗೆಯೋದು, ಗದ್ದಲ ತೆಗೆಯೋದು, ದನಿಯ ಮಟ್ಟವನ್ನ ತಾನೇ ಏರಿಸಿ ಇಳಿಸೋದು. ಇವನ್ನ ಬರೆದದ್ದು ಆಫೀಸಿನ ಮೀಟಿಂಗಿಗೆ. ಗದ್ದಲ ತೆಗೆಯುವ ಲೆಕ್ಕಾಚಾರದ ಬುಡದಲ್ಲಿ ಒಂದು ನಂಬಿಕೆ ಇದೆ: ಬದಲಾಗುತ್ತಿರೋದು ಮಾತು, ಒಂದೇ ಸಮ ಇರೋದು ಫ್ಯಾನಿನ ಸದ್ದು. ನಮ್ಮ ಶ್ರುತಿ ಇರೋದೇ ಒಂದೇ ಸಮ. ಹಾಗಾಗಿ ಹಾರ್ಮೋನಿಯಂ ಅದಕ್ಕೆ ಫ್ಯಾನ್ ಆಯ್ತು. ಮದ್ದಳೆ ಪೆಟ್ಟಿಗೆ ಮಾಸ್ತರ ದನಿ ಇಳಿಸಿದ್ದು ಮೂರನೆಯ ಕೆಲಸ.

ಇನ್ನರ್ಧ ತಪ್ಪು ಜಾಗದ್ದು. ತಗಡಿನ ಶೀಟಿನ ಕೆಳಗೆ, ಹಾಡುವವರಿಂದ ಹತ್ತು ಅಡಿ ಆಚೆ, ಗೋಡೆ ಪಕ್ಕದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದ. ದೂರ ಎರಡರಷ್ಟಾದರೆ ನೇರ ಬರುವ ದನಿ 6 ಡೆಸಿಬೆಲ್ ಇಳಿಯುತ್ತೆ. ಗೋಡೆ, ತಗಡಿಗೆ ಬಡಿದು ಬರುವ ಸದ್ದು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮೈಕೇ ಇರಲಿಲ್ಲ, ಒಂದು ಕೊಂಬಿನ ಬಾಯಿಗೆ ಹತ್ತಿರ ನಿಂತು ಹಾಡಬೇಕಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಹಾಡುಗಾರ್ತಿಯ ದನಿ ಇವತ್ತಿಗೂ ಕೇಳಿಸುತ್ತೆ. ಹತ್ತಿರ ಹೋಗೋದು ಅಂದಿಗೂ ಇಂದಿಗೂ ಬಿಟ್ಟಿ ಸಿಗುವ ಉಪಾಯ.

ಇಷ್ಟೆಲ್ಲ ಯಾಕೆ ಕೊರೀತೀನಿ ಅಂದ್ರೆ, ಮಾಸ್ತರಿಗೆ ವಯಸ್ಸಾಗಿದೆ. ಆಟದ ಮಾತು, ಪದ ಅವರ ನೋಟ್‌ಬುಕ್ಕಿನಲ್ಲಿವೆ, ಮಟ್ಟುಗಳು ಅವರ ಗಂಟಲಲ್ಲಿವೆ. ನಮ್ಮ ದರೋಜಿ ಈರಮ್ಮ ಓದು ಬರಹ ಬಾರದೆಯೂ ಉದ್ದುದ್ದ ಕಾವ್ಯಗಳನ್ನ ನೆನಪಿನಿಂದಲೇ ಬುರ್ರಕಥೆಯಾಗಿ ಹಾಡಿದವರು, 2014ರಲ್ಲಿ ಹೋದರು. ಅವರ ಕಾವ್ಯ ಅಚ್ಚಾಗಿದೆ, ಆದರೆ ಪುಸ್ತಕ ತೆರೆದರೆ ದನಿ ಬರೋದಿಲ್ಲ. ಹಾಗಾದ್ರೆ ಎಂಥದೋ ಒಂದು ರೆಕಾರ್ಡಿಂಗ್ ಇದ್ದರೆ ಸಾಕಲ್ಲ ಅಂತೀರಾ? ಸಾಲದು. ಇಪ್ಪತ್ತು ವರ್ಷ ಬಿಟ್ಟು ಈ ಫೈಲ್ ಕೇಳುವ ಹುಡುಗ, ಮಾಸ್ತರಿಗೆ ಶ್ರುತಿ ನಿಲ್ಲುತ್ತಿರಲಿಲ್ಲ, ದನಿ ಕುಗ್ಗುತ್ತಿತ್ತು ಅಂತ ತಿಳಿಯುತ್ತಾನೆ. ಯಂತ್ರದ ತಪ್ಪು ಹಾಡಿದವರ ಲೆಕ್ಕಕ್ಕೆ ಬೀಳುತ್ತೆ.

ತಮ್ಮನಿಗೆ ಹೇಳಿದ್ದು ಇಷ್ಟು. ಬ್ರೌಸರ್ ಬಿಡು, ಆಡಾಸಿಟಿ ಹಾಕ್ಕೋ, ಅದಕ್ಕೆ ದುಡ್ಡಿಲ್ಲ. ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ ಅಂತ ಇರುತ್ತೆ, ಆಫ್ ಮಾಡು. ಬ್ಲೂಟೂತ್ ಮೈಕ್ ಬೇಡವೇ ಬೇಡ. ಅತಿ ಜೋರಾದ ಮಾತು ಆಡಿಸಿ ನೋಡಿ, ಮೀಟರ್ ಮೈನಸ್ 12ರ ಆಸುಪಾಸು ಇರುವ ಹಾಗೆ ಲೆವೆಲ್ ಇಡು. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸು, ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಂಯ್ ಅಂತ ಸದ್ದು ಸೇರುತ್ತೆ. ಮನೆಯಲ್ಲಿರೋ ಕೌದಿಗಳನ್ನ ಗೋಡೆಗೆ ಇಳಿಬಿಡು. ಮಾಸ್ತರಿಂದ ಎರಡು ಅಡಿಗೆ ಲ್ಯಾಪ್‌ಟಾಪ್ ಇಡು. ವೇವ್ ಫೈಲ್ ಮಾಡಿ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು.

ಎರಡನೇ ಫೈಲ್ ಬಂತು, ಅದೇ ಲ್ಯಾಪ್‌ಟಾಪಿನದು. ನಾಯಿ ಬೊಗಳಿದ್ದು ಇದೆ, ಟ್ರ್ಯಾಕ್ಟರ್ ಹೋದದ್ದು ಇದೆ, ಮದ್ದಳೆ ಸ್ವಲ್ಪ ಹತ್ತಿರವೇ ಆಯ್ತು. ಸ್ಟುಡಿಯೋದವರು ಮೂಗು ಮುರಿದಾರು. ಆದರೆ ಹಾರ್ಮೋನಿಯಂ ಶುರುವಿಂದ ಕೊನೆತನಕ ಇದೆ. ಅದರ ಮೇಲೆ ಮಾಸ್ತರು ಎಲ್ಲಿ ಉಸಿರು ತಗೊಂಡರು, ಎಲ್ಲಿ ಬೇಕಂತಲೇ ತಡೆದು ಹಾಡಿದರು ಅನ್ನೋದು ಕಲಿಯುವವನಿಗೆ ತಿಳಿಯುತ್ತೆ. ಇದು ಒಳ್ಳೆಯ ರೆಕಾರ್ಡಿಂಗ್ ಅಂತ ನನ್ನ ತೀರ್ಪು.

ಮೊದಲನೆಯದನ್ನ ಅಳಿಸಿಬಿಡು ಅಂದೆ. "ಆಗಲ್ಲಣ್ಣ, ಮುಖವೀಣೆ ತಾತ ಅವತ್ತೊಂದೇ ದಿನ ಬಂದಿದ್ದು. ಆಮೇಲೆ ಹುಷಾರಿಲ್ಲ" ಅಂದ. ಹೌದು, ಮುಖವೀಣೆ ಅದರಲ್ಲಷ್ಟೇ ಇದೆ, ಅದೂ ಅರ್ಧಂಬರ್ಧ. ರೆಕಾರ್ಡ್ ಆಗುವಾಗಲೇ ಸಾಫ್ಟ್‌ವೇರ್ ತೆಗೆದುಹಾಕಿದ್ದನ್ನ ನನ್ನಂಥ ಇಂಜಿನಿಯರೂ ವಾಪಸ್ ತರಲಾರ.

ಆ ತಾತ ಮತ್ತೆ ಬಂದರೆ ಮೊದಲು ಹತ್ತು ಸೆಕೆಂಡ್ ಶ್ರುತಿಯೊಂದನ್ನೇ ರೆಕಾರ್ಡ್ ಮಾಡಿ ಕೇಳು, ಅದು ಪೂರ್ತಿ ಉಳಿದಿದ್ದರೆ ಮಾತ್ರ ಊದಿಸು ಅಂತ ತಮ್ಮನಿಗೆ ಹೇಳಿದೀನಿ. ನಿಮಗೂ ಅದನ್ನೇ ಹೇಳ್ತೀನಿ.