ಬೆನ್ನು ತಿರುಗಿಸಿದ ಆ ಗಳಿಗೆ

ಐವತ್ತು ಅಡಿ ಅಗಲದ ದುಂಡು ಬೇಲಿ. ಒಳಗೆ ಎಂದೂ ಜೀನು ಹೊರದ ಎಳೆಯ ಕುದುರೆ, ನಟ್ಟನಡುವೆ ಒಬ್ಬ ಮನುಷ್ಯ. ಅವನು ಕೈಯಲ್ಲಿರುವ ಹಗುರ ಹಗ್ಗವನ್ನು ಕುದುರೆಯ ಹಿಂಗಾಲಿನತ್ತ ಬೀಸುತ್ತಾನೆ, ಅದು ಓಡುತ್ತದೆ. ಕೆಲವು ಸುತ್ತಾದ ಮೇಲೆ ಅವನ ಕಡೆಗಿರುವ ಕಿವಿ ಅವನತ್ತಲೇ ನಿಲ್ಲುತ್ತದೆ. ಕುದುರೆ ತುಟಿ ಸವರಿ ಬಾಯಾಡಿಸುತ್ತದೆ, ತಲೆ ನೆಲದತ್ತ ತಗ್ಗುತ್ತದೆ. ಆಗ ಮನುಷ್ಯ ಹಗ್ಗ ಸುತ್ತಿ, ನೋಟ ಕೆಳಗಿಳಿಸಿ, ಓರೆಯಾಗಿ ಬೆನ್ನು ತಿರುಗಿಸಿ ನಿಂತುಬಿಡುತ್ತಾನೆ. ಕುದುರೆ ಹಿಂಜರಿಯುತ್ತದೆ, ಒಂದೊಂದೇ ಹೆಜ್ಜೆಯಿಟ್ಟು ಬಂದು ಅವನ ಭುಜಕ್ಕೆ ಮೂತಿ ತಾಗಿಸುತ್ತದೆ. ಸುತ್ತ ಕೂತವರು ಕಣ್ಣೊರೆಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಬಾಯಿಗೆ ಕಡಿವಾಣ ಬಿದ್ದು, ಜೀನು, ಸವಾರ ಎರಡೂ ಬೆನ್ನೇರಿರುತ್ತವೆ.

ಇದು ಕ್ಯಾಲಿಫೋರ್ನಿಯಾದ ಮಾಂಟಿ ರಾಬರ್ಟ್ಸ್ ಅವರ 'ಜಾಯಿನ್-ಅಪ್'. 1989ರಲ್ಲಿ ಎರಡನೇ ಎಲಿಜಬೆತ್ ರಾಣಿ ಅವರನ್ನು ವಿಂಡ್ಸರಿಗೆ ಕರೆಸಿ ನೋಡಿದ ಮೇಲೆ, 1996ರಲ್ಲಿ 'ದಿ ಮ್ಯಾನ್ ಹೂ ಲಿಸನ್ಸ್ ಟು ಹಾರ್ಸಸ್' ಹೊರಬಂದ ಮೇಲೆ, ಈ ವಿಧಾನದ ಕೀರ್ತಿಗೆ ಎಣೆಯಿಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಆ ಅರ್ಧ ಗಂಟೆಯಲ್ಲಿ ಹುಟ್ಟುವುದಕ್ಕೆ ನಂಬಿಕೆ ಎಂಬ ಹೆಸರು ಸಲ್ಲದು. ಆ ಹೆಸರಿಗೆ ಅರ್ಹವಾದದ್ದು ಹುಟ್ಟುವುದು ಬೇರೆ ಕಡೆ. ದಿನವೂ ಅದೇ ಹೊತ್ತಿಗೆ, ಅದೇ ಕೈಯಿಂದ, ಸವಾರಿಗೆ ಎಷ್ಟೋ ಮುಂಚೆ ನೆಲದ ಮೇಲೆ ನಿಂತು ಕಲಿಸುವ ಪಾಠದಲ್ಲಿ. ಆ ಪಾಠವನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಪುಸ್ತಕದ ಜೀವ ಇರುವುದು ಒಂದು ಪ್ರಸಂಗದಲ್ಲಿ. ಹದಿಮೂರರ ಹುಡುಗ ರಾಬರ್ಟ್ಸ್ ನೆವಾಡಾದ ಬಯಲಲ್ಲಿ ಕಾಡುಕುದುರೆಗಳ ಹಿಂಡನ್ನು ದುರ್ಬೀನಿನಲ್ಲಿ ನೋಡುತ್ತಾನೆ. ಪುಂಡಾಟ ಮಾಡಿದ ಎಳೆಯ ಗಂಡು ಕುದುರೆಯನ್ನು ಹಿಂಡಿನ ಹಿರಿಯ ಹೆಣ್ಣು ಹೊರಗಟ್ಟುತ್ತದೆ. ಅದು ತಲೆ ತಗ್ಗಿಸಿ, ಬಾಯಾಡಿಸಿ ತಪ್ಪೊಪ್ಪಿಕೊಂಡಂತೆ ಕಂಡಾಗ, ದಿಟ್ಟಿಸುವುದನ್ನು ಬಿಟ್ಟು ಪಕ್ಕಕ್ಕೆ ತಿರುಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಇದೇ ಕುದುರೆಗಳ ಭಾಷೆ, ದುಂಡು ಬೇಲಿಯೊಳಗೆ ನಾನು ಆಡುವುದೂ ಅದನ್ನೇ ಎಂಬುದು ರಾಬರ್ಟ್ಸ್ ವಾದ. ಕತೆಯಾಗಿ ಇದು ಸೊಗಸಾಗಿದೆ. ಆ ಪುಟಗಳನ್ನು ಮೊದಲು ಓದಿದಾಗ ನಾನೂ ಸೋತಿದ್ದೆ.

ಆದರೆ ಬಯಲಿನಿಂದ ಬೇಲಿಗೆ ದಾಟುವಾಗ ಏನು ಕಳೆದುಹೋಯಿತು ಎಂದು ನೋಡಬೇಕು. ಕುದುರೆ ಬೇಟೆಗೆ ಈಡಾಗುವ ಪ್ರಾಣಿ. ಅದರ ಕೋರೆ, ಕೊಂಬು ಎಲ್ಲವೂ ಅದರ ಓಟವೇ. ಓಡುವುದೆಂದರೆ ಅಂತರ ಗಳಿಸುವುದು. ನೆವಾಡಾದಲ್ಲಿ ಅಟ್ಟಿಸಿಕೊಂಡ ಎಳೆಗುದುರೆ ನೂರು ಗಜ ದೂರ ಹೋಗಬಹುದು, ಇನ್ನೂರು ಗಜ ಹೋಗಬಹುದು. ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು. ಹಿಂತಿರುಗಿದರೆ ಅದು ತಾನಾಗಿ ಹಿಂತಿರುಗಿತು ಎಂದು ಹೇಳಲು ಒಂದು ಆಧಾರವಿದೆ. ಐವತ್ತು ಅಡಿಯ ದುಂಡು ಬೇಲಿಯಲ್ಲಿ ಲೆಕ್ಕ ಹಾಕಿ ನೋಡಿ. ಒಂದು ಸುತ್ತು ಸುಮಾರು ನಲವತ್ತೆಂಟು ಮೀಟರು. ಇಪ್ಪತ್ತೊಂದು ಸುತ್ತು ಓಡಿದರೆ ಒಂದು ಕಿಲೋಮೀಟರು. ಅಷ್ಟು ಓಡಿದ ಮೇಲೂ ನಡುವೆ ನಿಂತ ಮನುಷ್ಯನಿಂದ ಕುದುರೆ ಇಪ್ಪತ್ತೈದು ಅಡಿಗಿಂತ ಆಚೆ ಹೋಗಿರುವುದಿಲ್ಲ. ಅದರ ಪೂರ್ವಜರನ್ನು ಲಕ್ಷಾಂತರ ವರ್ಷ ಕಾಪಾಡಿದ ಒಂದೇ ಉಪಾಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದು ಕುದುರೆ ಆ ವೃತ್ತದಲ್ಲಿ ಕಲಿಯುವ ಮೊದಲ ಪಾಠ. ಎರಡನೆಯದು ಅದರ ಬೆನ್ನಿಗೇ ಬರುತ್ತದೆ: ಈ ಮನುಷ್ಯನತ್ತ ತಿರುಗಿದರೆ ಬೀಸುವ ಹಗ್ಗ ನಿಲ್ಲುತ್ತದೆ, ಅವನ ಪಕ್ಕಕ್ಕೆ ಬಂದರೆ ಮತ್ತೆ ಓಡಬೇಕಾಗಿಲ್ಲ. ಬೆನ್ನು ತಿರುಗಿಸಿದ ಆ ಗಳಿಗೆಯನ್ನು ನೋಡುವವರು ಆಹ್ವಾನವೆಂದು ಓದುತ್ತಾರೆ. ಕುದುರೆಗೆ ಅದು ಒತ್ತಡ ತೀರಿದ ಗಳಿಗೆ.

ಇದು ನನ್ನ ಊಹೆಯಷ್ಟೇ ಅಲ್ಲ. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ದುಂಡು ಬೇಲಿಯೊಳಗೆ ಮನುಷ್ಯನ ಬದಲು ರಿಮೋಟಿನಿಂದ ಓಡುವ ಆಟಿಕೆ ಕಾರನ್ನು ಬಿಟ್ಟರು. ಕಾರು ಅಟ್ಟಿಸಿತು. ಕುದುರೆ ಅದರತ್ತ ತಿರುಗಿದಾಗ ಅಟ್ಟಿಸುವುದನ್ನು ನಿಲ್ಲಿಸಿತು. ಕುದುರೆಗಳು ಕಾರಿನತ್ತ ತಿರುಗಿ ಹೆಜ್ಜೆ ಹಾಕುವುದನ್ನು ಕಲಿತವು. ಕಾರಿಗೆ ಕಣ್ಣಿಲ್ಲ, ಭುಜವಿಲ್ಲ, ಕುದುರೆ ಭಾಷೆಯ ಒಂದಕ್ಷರವೂ ಬಾರದು. ಅದಕ್ಕೂ ಮುಂಚೆ, 2007ರಲ್ಲಿ, ಜರ್ಮನಿಯ ಕಾನ್‌ಸ್ಟಾನ್ಜೆ ಕ್ರೂಗರ್ ಇನ್ನೊಂದು ಸರಳ ಪ್ರಶ್ನೆ ಕೇಳಿದ್ದರು: ಬೇಲಿಯೊಳಗೆ ಹಿಂಬಾಲಿಸಿದ ಕುದುರೆ ಹುಲ್ಲುಗಾವಲಿನಲ್ಲೂ ಹಿಂಬಾಲಿಸುತ್ತದೆಯೇ? ಇಲ್ಲವೆಂಬುದು ಅವರಿಗೆ ಸಿಕ್ಕ ಉತ್ತರ. ಬೇಲಿ ಹೋದೊಡನೆ ಹೋಗುವ ನಂಬಿಕೆ ಎಂಥದ್ದು?

ಇನ್ನು ಆ ಬಾಯಾಡಿಸುವಿಕೆ. ನಾನು ಹುಲ್ಲು ತಿನ್ನುವ ಸಾಧು ಪ್ರಾಣಿ, ನಿನ್ನಿಂದ ನನಗೆ ಭಯವಿಲ್ಲ ಎಂದು ಕುದುರೆ ಹೇಳುತ್ತಿದೆ ಎಂಬುದು ರಾಬರ್ಟ್ಸ್ ಕೊಟ್ಟ ಅರ್ಥ. ಭಯದಲ್ಲಿ ಬಾಯಿ ಒಣಗುತ್ತದೆ, ಭಯ ಇಳಿಯುವಾಗ ಜೊಲ್ಲು ಮರಳಿ ಊರುತ್ತದೆ ಎಂಬ ವಿವರಣೆ ಇದಕ್ಕಿಂತ ನೇರವಾದದ್ದು. 2018ರಲ್ಲಿ ಪ್ರಕಟವಾದ, ಈಕ್ವೆಡಾರಿನ ಕಾಡುಗುದುರೆಗಳ ಅಧ್ಯಯನವೊಂದರಲ್ಲಿ ಅಟ್ಟಿಸಿಕೊಂಡವು ಮಾತ್ರವಲ್ಲ, ಅಟ್ಟಿಸಿದವೂ ಹೀಗೆ ಬಾಯಾಡಿಸಿದ್ದು ಕಂಡುಬಂತು. ಗೆದ್ದವನೂ ಶರಣಾಗತಿ ಹೇಳುತ್ತಾನೆಯೇ? ಆ ಚಿಹ್ನೆ ತಿಳಿಸುವುದು ಇಷ್ಟೇ: ಈ ಪ್ರಾಣಿ ಸ್ವಲ್ಪ ಹೊತ್ತಿನ ಹಿಂದೆ ಕಳವಳದಲ್ಲಿತ್ತು. ಜನ ಚಪ್ಪಾಳೆ ತಟ್ಟುವ ಗಳಿಗೆಯಲ್ಲಿ ಕುದುರೆ ಒಪ್ಪಿಸುತ್ತಿರುವ ಸಾಕ್ಷ್ಯ ಅದು.

ಇಲ್ಲಿ ಇತರ ವಿಮರ್ಶಕರೊಡನೆ ನನಗೊಂದು ತಕರಾರಿದೆ. ರಾಬರ್ಟ್ಸ್ ಅವರನ್ನು ಎದುರಿಸಿದವರಲ್ಲಿ ಹೆಚ್ಚಿನವರು ಹಿಡಿದದ್ದು ಅವರ ಬಾಳಿನ ಕತೆಯನ್ನು. ತಂದೆ ನಿಜಕ್ಕೂ ಪುಸ್ತಕ ಹೇಳುವಷ್ಟು ಕ್ರೂರಿಯಾಗಿದ್ದನೇ, ಹುಡುಗ ನೆವಾಡಾಕ್ಕೆ ಹೋಗಿದ್ದನೇ ಎಂಬ ಜಗಳ. 1999ರಲ್ಲಿ ಅವರ ಬಂಧುಗಳೇ ಆ ಸಂಗತಿಗಳನ್ನು ಅಲ್ಲಗಳೆದು ಪುಸ್ತಕ ಬರೆದರು, ಪತ್ರಿಕೆಗಳಿಗೆ ಅದೇ ಹಬ್ಬವಾಯಿತು. ಈ ಜಗಳದಿಂದ ಕುದುರೆಗಳಿಗೆ ಏನು ಬಂತು? ಪುಸ್ತಕದ ಪ್ರತಿ ಅಕ್ಷರ ನಿಜವೆಂದೇ ಇಟ್ಟುಕೊಳ್ಳಿ, ಬೇಲಿಯ ಲೆಕ್ಕ ಬದಲಾಗುವುದಿಲ್ಲ. ಪ್ರತಿ ಅಕ್ಷರ ಸುಳ್ಳೆಂದುಕೊಳ್ಳಿ, ಆಗಲೂ ಬದಲಾಗುವುದಿಲ್ಲ. ಬರೆದವನ ಬಾಳನ್ನು ಕೆದಕಿ ಬರೆದದ್ದನ್ನು ಓದದೆ ಬಿಡುವ ಚಾಳಿ ಸಾಹಿತ್ಯ ವಿಮರ್ಶೆಯಲ್ಲೂ ನಮಗೆ ಚೆನ್ನಾಗಿ ಗೊತ್ತು. ಅದರಿಂದ ಕೃತಿ ಪರೀಕ್ಷೆಗೆ ಕೂರದೆಯೇ ಪಾರಾಗುತ್ತದೆ.

ಅಭಿಮಾನಿಗಳ ತಪ್ಪು ಇನ್ನೊಂದು ಬಗೆಯದು. ಅವರು ಕೈಯಲ್ಲಿ ಹಿಡಿದು ತೋರಿಸುವುದು 2012ರ ಒಂದು ಬ್ರಿಟಿಷ್ ಅಧ್ಯಯನವನ್ನು. ಹದಿನಾಲ್ಕು ಪಳಗದ ಕುದುರೆಗಳನ್ನು ರಾಬರ್ಟ್ಸ್ ಅವರಿಗೂ ಸಾಂಪ್ರದಾಯಿಕ ತರಬೇತುದಾರರೊಬ್ಬರಿಗೂ ಹಂಚಿಕೊಟ್ಟು ನೋಡಿದಾಗ, ಮೊದಲ ಜೀನು, ಮೊದಲ ಸವಾರ ಬೆನ್ನೇರಿದ ಹೊತ್ತಿನಲ್ಲಿ ರಾಬರ್ಟ್ಸ್ ಕುದುರೆಗಳ ಎದೆಬಡಿತ ಕಡಿಮೆಯಿತ್ತು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಕಾಲು ಕಟ್ಟಿ, ಹೊಡೆದು, ದಣಿಸಿ ಕುದುರೆಯ ಛಲ ಮುರಿಯುತ್ತಿದ್ದ ಹಳೆಯ ಪದ್ಧತಿಗಿಂತ ಈ ಮನುಷ್ಯನ ಕೈ ಮೃದು. ಎಷ್ಟೋ ಜನರ ಕೈಯಿಂದ ಚಾವಟಿ ಬೀಳಿಸಿದ ಪುಣ್ಯ ಅವರದು. ಆದರೆ ಆ ಅಧ್ಯಯನ ನಡೆದ ಬಗೆಯನ್ನು ಅಭಿಮಾನಿಗಳು ಹೇಳುವುದಿಲ್ಲ. ಪ್ರತಿ ಕುದುರೆಗೆ ದಿನಕ್ಕೆ ಅರ್ಧ ಗಂಟೆ, ಇಪ್ಪತ್ತು ದಿನ. ಕೆಲಸ ಮುಗಿದದ್ದು ಒಂದೇ ಅರ್ಧ ಗಂಟೆಯಲ್ಲಲ್ಲ. ಇಪ್ಪತ್ತು ದಿನದ ಫಲವನ್ನು ಒಂದು ಗಳಿಗೆಯ ಹೆಸರಿಗೆ ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಅವಸರದ ಪವಾಡಕ್ಕೆ ಅರಮನೆಯ ಮೆಚ್ಚುಗೆ ಸಿಕ್ಕಿದ್ದು ಇದೇ ಮೊದಲೂ ಅಲ್ಲ. 1858ರಲ್ಲಿ ಒಹಾಯೊದ ಜಾನ್ ರೇರಿ ವಿಕ್ಟೋರಿಯಾ ರಾಣಿಯ ಮುಂದೆ ತಮ್ಮ ವಿದ್ಯೆ ತೋರಿಸಿದರು, ಕ್ರೂಸರ್ ಎಂಬ ಕೊಲೆಗಡುಕ ಕುದುರೆಯನ್ನು ಕೆಲವೇ ಗಂಟೆಗಳಲ್ಲಿ ಮಣಿಸಿ ಮನೆಮಾತಾದರು. ಮಾತು ಮೆಲ್ಲಗಿತ್ತು, ಕೈ ಮೆಲ್ಲಗಿತ್ತು. ಜೊತೆಗೆ ಕುದುರೆಯ ಮುಂಗಾಲು ಮಡಿಚಿ ಬಿಗಿಯುವ ಪಟ್ಟಿಯೂ ಇತ್ತು.

ಹಾಗಾದರೆ ನಿಧಾನದ ಪರಂಪರೆ ಎಲ್ಲಿ? ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫನ್ ಬರೆದ ಅಶ್ವವಿದ್ಯೆಯ ಪುಸ್ತಕದಲ್ಲಿದೆ. ಮೇವು, ನೀರು, ಕಿರುಕುಳದಿಂದ ಬಿಡುಗಡೆ ಇವೆಲ್ಲ ಮನುಷ್ಯನ ಜೊತೆಗೇ ಬರುತ್ತವೆಂದು ಮರಿಗೆ ಮನವರಿಕೆಯಾಗಬೇಕು, ಅದಕ್ಕೆ ಮುಟ್ಟಿಸಿಕೊಳ್ಳಲು ಹಿತವಾದ ಜಾಗಗಳನ್ನೇ ಮುಟ್ಟಬೇಕು ಎಂದು ಅವನು ಆಗಲೇ ಕಂಡುಕೊಂಡಿದ್ದ. ನಮ್ಮ ಕಾಲಕ್ಕೆ ಬಂದರೆ ಅಮೆರಿಕದ ಕುದುರೆ ತರಬೇತುದಾರ ಟಾಮ್ ಡೊರಾನ್ಸ್, ಅವರ ಶಿಷ್ಯ ರೇ ಹಂಟ್. ಡೊರಾನ್ಸ್ ಅವರ 'ಟ್ರೂ ಯೂನಿಟಿ' 1987ರಲ್ಲಿ ಬಂತು. ಅದು ಓದಲು ಕಷ್ಟದ ಪುಸ್ತಕ ಎಂಬುದನ್ನು ಮುಚ್ಚಿಡಲಾರೆ. ಹೇಗೆ ಮಾಡಬೇಕೆಂದು ಕೇಳಿದರೆ ಕುದುರೆಯನ್ನೇ ಕೇಳು ಎಂಬಂಥ ಉತ್ತರ ಬರುತ್ತದೆ. ಆದರೂ ರಾಬರ್ಟ್ಸ್ ಪುಸ್ತಕಕ್ಕಿಂತ ಅದು ಪ್ರಾಮಾಣಿಕ. ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಅದು ಎಲ್ಲೂ ಅಂಕಿ ಕೊಡುವುದಿಲ್ಲ.

ಆ ಅಂಕಿಯಿಲ್ಲದ ಕೆಲಸ ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು ಮೈಸೂರಿನ ಒಂದು ಲಾಯದಲ್ಲಿ, ಒಬ್ಬ ಹಿರಿಯ ಸೈಸರ ಬಳಿ. ಎರಡು ವರ್ಷದ ಹೆಣ್ಣು ಕುದುರೆ. ಯಾವ ಕಾರಣಕ್ಕೋ ಬಲಗಿವಿ ಮುಟ್ಟಗೊಡುತ್ತಿರಲಿಲ್ಲ, ಹಾಗಾಗಿ ಕಡಿವಾಣ ಹಾಕುವಂತಿರಲಿಲ್ಲ. ಅವರು ಎಂದೂ ನೇರ ಮುಂದಿನಿಂದ ಬರುತ್ತಿರಲಿಲ್ಲ. ಕುದುರೆಗೆ ತನ್ನ ಹಣೆಯ ಎದುರೇ ಕಾಣದ ಜಾಗವಿದೆ. ಭುಜದ ಪಕ್ಕ ನಿಂತು, ಕತ್ತು ಬೆನ್ನಿಗೆ ಸೇರುವ ದಿಬ್ಬದ ಮೇಲೆ ಬೆರಳಿನಿಂದ ಕೆರೆಯುತ್ತಿದ್ದರು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆಂದು ಅಳೆದೂ ನೋಡಿದ್ದಾರೆ. ಅಲ್ಲಿಂದ ಕೈ ಕತ್ತಿನುದ್ದಕ್ಕೂ ಮೇಲೇರುತ್ತಿತ್ತು. ಇಡೀ ವಿದ್ಯೆ ಇದ್ದದ್ದು ಕೈ ತೆಗೆಯುವ ಹೊತ್ತಿನಲ್ಲಿ. ಕುದುರೆ ತಲೆ ಎಳೆದುಕೊಂಡ ಮೇಲೆ ತೆಗೆದರೆ, ತಲೆ ಎಳೆದರೆ ಕೈ ಹೋಗುತ್ತದೆಂದು ಅದು ಕಲಿಯುತ್ತದೆ. ಅವರು ಅದಕ್ಕಿಂತ ಮುಂಚೆ, ಚರ್ಮ ಇನ್ನೂ ಸಡಿಲವಾಗಿರುವಾಗಲೇ, ತೆಗೆದುಬಿಡುತ್ತಿದ್ದರು. ಮರುದಿನ ಒಂದು ಬೆರಳಗಲ ಮೇಲಕ್ಕೆ. ಎಡಗಡೆ ಕಲಿತದ್ದನ್ನು ಬಲಗಡೆ ಹೊಸದಾಗಿ ಕಲಿಸಬೇಕಾಗುತ್ತಿತ್ತು. ಹುಲ್ಲಿನ ಬಂಡಿ ಸದ್ದು ಮಾಡಿ ಕುದುರೆ ಬೆಚ್ಚಿದ ದಿನ ಮತ್ತೆ ದಿಬ್ಬದಿಂದಲೇ ಆರಂಭ. ಅವರ ಹಗ್ಗದಲ್ಲೂ ಒತ್ತಡವಿತ್ತು, ಸಡಿಲವೂ ಇತ್ತು. ಕಲಿಕೆಯ ನಿಯಮ ಅಲ್ಲೂ ಇಲ್ಲೂ ಒಂದೇ ಎಂಬುದನ್ನು ನಾನು ಮರೆಮಾಚುತ್ತಿಲ್ಲ. ಆದರೆ ಬೇಡ ಅನ್ನಿಸಿದಾಗ ದೂರ ಸರಿಯುವ ದಾರಿ ಆ ಕುದುರೆಗೆ ಪ್ರತಿದಿನ ತೆರೆದೇ ಇರುತ್ತಿತ್ತು.

ಮೂರು ವಾರ ಕಳೆದ ಮೇಲೆ, ಒಂದು ಸಂಜೆ, ಕಡಿವಾಣದ ಪಟ್ಟಿ ಬಲಗಿವಿಯನ್ನು ದಾಟಿತು. ಅವರು ಅದನ್ನು ಬಿಗಿಯಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಬಿಟ್ಟು ತೆಗೆದು ಗೂಟಕ್ಕೆ ನೇತುಹಾಕಿ, ಬಕೆಟ್ಟು ಹಿಡಿದು ನೀರಿಗೆ ಹೊರಟರು. ಕುದುರೆ ಅವರ ಹಿಂದೆ ಹೋಗಲಿಲ್ಲ. ಬಾಗಿಲ ಕಡೆ ಒಮ್ಮೆ ಕಿವಿ ತಿರುಗಿಸಿ, ಹುಲ್ಲಿಗೆ ಬಾಯಿ ಹಾಕಿತು.